ರಾಜ್ಯದ ಕೊರತೆಗೆ ಯಾವ ಪಕ್ಷ ಹೆಚ್ಚು ಹೊಣೆ?

ಪ್ರಶ್ನೆ, ಚಿಂತಾಮಣಿ: ಸಾಲ ಏರಿದ್ದಕ್ಕೆ ಕಾಂಗ್ರೆಸ್ ಗ್ಯಾರಂಟಿ ಕಾರಣವೋ, ಬಿಜೆಪಿ ಆಡಳಿತವೋ?

ಕೋಲಾರ: ಎರಡು ಕೊರತೆ ಬೇರೆಬೇರೆ ನೋಡಿ ಸರ್. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಗೆ ಆದಾಯ ಸಾಲದಿದ್ದರೆ ರಾಜಸ್ವ ಕೊರತೆ. ಒಟ್ಟು ಸಾಲದ ಅಗತ್ಯವೇ ವಿತ್ತೀಯ ಕೊರತೆ. ರಾಜ್ಯದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಂತೆ ಇದಕ್ಕೆ ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಉತ್ಪನ್ನದ) 3% ಮಿತಿ. ಕೋವಿಡ್ ಹೊತ್ತಲ್ಲಿ ಬಿಜೆಪಿ ಅದನ್ನು 5%ಗೆ ಏರಿಸಿತು. 2024-25ರ ಬಜೆಟ್‌ನಲ್ಲಿ ಕಾಂಗ್ರೆಸ್ ತೋರಿಸಿದ ರಾಜಸ್ವ ಕೊರತೆ 27,354 ಕೋಟಿ, ಗ್ಯಾರಂಟಿಗೆ ಸುಮಾರು 52,000 ಕೋಟಿ. ಕೋವಿಡ್ ಇಲ್ಲದ ವರ್ಷದ ಈ ಕೊರತೆಯೇ ಹೆಚ್ಚು ಆತಂಕದ್ದು.

ತುಮಕೂರು: ಅಷ್ಟೇ ಅಲ್ಲ. 15ನೇ ಹಣಕಾಸು ಆಯೋಗ ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲನ್ನು 4.713%ರಿಂದ 3.647%ಗೆ ಇಳಿಸಿದ್ದನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯ ವೆಚ್ಚ 2014ರಲ್ಲಿ 12,912 ಕೋಟಿ ಇದ್ದದ್ದು 23,251 ಕೋಟಿ ದಾಟಿತು: ಕೆಲಸ ತಡವಾದಷ್ಟೂ ದರ, ಭೂಪರಿಹಾರ ಏರುತ್ತೆ. ಆ ನಡುವೆ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಪಕ್ಷ ಆಳಿವೆ.

ಕೋಲಾರ: ಒಪ್ಪಿದೆ. ಒಂದು ಮಾತು, ಬಜೆಟ್ ಅಂದಾಜಿಗಿಂತ ಸಿಎಜಿ (ಸರ್ಕಾರಿ ಲೆಕ್ಕ ಪರಿಶೋಧಕರ) ಲೆಕ್ಕ ನೋಡಿ. 2022-23ಕ್ಕೆ ರಾಜಸ್ವ ಕೊರತೆ ಅಂದಾಜಿಸಿದ್ದರು, ಕೊನೆಗೆ ಆದಾಯವೇ ಹೆಚ್ಚುವರಿ ಬಂತು.