ಸಹಾಯ ಬೇಕು: ಅಳಿಸಿದರೂ ಮರಳಿ ಬರುವ ನಕಲಿ ಎಸ್‌ವಿಸಿಹೋಸ್ಟ್ ಫೈಲ್

ನಮಸ್ಕಾರ್ರಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಝೆರಾಕ್ಸ್ ಅಂಗಡಿಯ ವಿಂಡೋಸ್ 10 ಕಂಪ್ಯೂಟರ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಸ್‌ವಿಸಿಹೋಸ್ಟ್ (ವಿಂಡೋಸ್‌ನ ಹಿನ್ನೆಲೆ ಸೇವೆಗಳನ್ನ ನಡೆಸೋ ಪ್ರೋಗ್ರಾಂ) ಹತ್ತಾರು ಇರೋದು ಸಹಜ, ಅದಕ್ಕೆ ಗಾಬರಿ ಇಲ್ಲ. ಆದರೆ ಒಂದರ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಕೊಟ್ಟರೆ ಆಪ್‌ಡೇಟಾದ ರೋಮಿಂಗ್ ಫೋಲ್ಡರ್ ತೆರೀತದ. ಅಸಲಿ ಫೈಲ್ ಇರಬೇಕಾದ್ದು ಸಿಸ್ಟಮ್32ರಲ್ಲಿ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್‌ವಾವ್64ರಲ್ಲೂ ಒಂದು ಪ್ರತಿ ಇರತದ. ರೋಮಿಂಗ್‌ನಲ್ಲಿರೋ ಇದರ ಪೇರೆಂಟ್ ಪ್ರೋಸೆಸ್ (ಇದನ್ನ ಶುರು ಮಾಡಿದ ಪ್ರೋಗ್ರಾಂ) ಅಸಲಿಗೆ ಇರೋಹಂಗ 'ಸರ್ವಿಸಸ್' ಅಲ್ಲ, ಶುರು ಮಾಡೋ ಕಮಾಂಡ್ ಲೈನ್‌ನಲ್ಲಿ 'ಮೈನಸ್ ಕೆ' ಸಹ ಇಲ್ಲ. ನಕಲಿ ಅನ್ನೋದರಲ್ಲಿ ಅನುಮಾನ ಉಳಿದಿಲ್ಲ.

ಎಂಡ್ ಟಾಸ್ಕ್ ಮಾಡಿ ಅಳಿಸಿದರೆ ಐದು ನಿಮಿಷದಾಗ ಮತ್ತೆ ಹಾಜರ್. ತಾನಾಗೇ ಶುರುವಾಗೋ ಪ್ರೋಗ್ರಾಂಗಳನ್ನ ತೋರಿಸೋ ಆಟೋರನ್ಸ್ ಟೂಲ್‌ನ ಶೆಡ್ಯೂಲ್ಡ್ ಟಾಸ್ಕ್ಸ್ ಟ್ಯಾಬ್‌ನಲ್ಲಿ ಅದೇ ಫೋಲ್ಡರ್‌ನ ಒಂದು ಸ್ಕ್ರಿಪ್ಟ್ ಕಾಣಿಸ್ತು. ಹಚ್ಚಿದ ಪೆನ್‌ಡ್ರೈವ್‌ಗಳಲ್ಲಿ ಫೋಲ್ಡರ್‌ಗಳು ಅಡಗಿ ಬರೇ ಶಾರ್ಟ್‌ಕಟ್ ಉಳಿತಾವ.

ನೆಟ್ ಕೇಬಲ್ ತೆಗೆದು, ಮೊದಲು ಟಾಸ್ಕ್, ಆಮೇಲೆ ಪ್ರೋಸೆಸ್, ಕೊನೆಗೆ ಫೈಲ್ ತೆಗೆದು, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಚ್ಚಬೇಕಂತ ಐತಿ. ಈ ಕ್ರಮ ಸರಿ ಅದ ಏನ್ರಿ? ರಿಜಿಸ್ಟ್ರಿಯ ರನ್ ಕೀ, ಸ್ಟಾರ್ಟ್‌ಅಪ್ ಫೋಲ್ಡರ್, ಡಬ್ಲ್ಯುಎಂಐ (ವಿಂಡೋಸ್‌ನ ನಿರ್ವಹಣಾ ವ್ಯವಸ್ಥೆ) ಬಿಟ್ಟು ಇನ್ನೆಲ್ಲಿ ಹುಡುಕಬೇಕು? ಜನರ ಆಧಾರ್, ಅಂಕಪಟ್ಟಿ ಸ್ಕ್ಯಾನ್ ಇದರಾಗೇ ಅವ. ಫಾರ್ಮ್ಯಾಟೇ ಸುರಕ್ಷಿತ ಅನ್ನೋದಾದ್ರೆ, ಪಿಡಿಎಫ್ ಮತ್ತು ಜೆಪೆಗ್ ಅಷ್ಟೇ ನಕಲು ಮಾಡಿಕೊಂಡರೆ ಸಾಕೇನು? ತಿಳಿದವರು ದಯವಿಟ್ಟು ಹೇಳ್ರಿ.