ಮಂಡಿ ಆಪರೇಷನ್‌ಗೆ ಮೊದಲೇ ಫಿಸಿಯೋ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರು

ಅಮ್ಮನಿಗೆ 67 ವರ್ಷ. ಬಲ ಮಂಡಿ ಪೂರ್ತಿ ಸವೆದಿದೆ, ಬದಲಾಯಿಸಲೇಬೇಕು ಅಂದಿದ್ದಾರೆ. ಆಪರೇಷನ್‌ಗೆ ಇನ್ನೂ ಆರು ವಾರ ಇದೆ, ಅಷ್ಟರಲ್ಲಿ ಫಿಸಿಯೋಥೆರಪಿ ಶುರು ಮಾಡಿ ಎಂದರು ಡಾಕ್ಟರ್. ಅಮ್ಮ ಒಪ್ಪುತ್ತಿಲ್ಲ. "ನೋವು ಅಂತಲೇ ಆಪರೇಷನ್ ಮಾಡಿಸ್ಕೊಳ್ತಿರೋದು, ಅದೇ ಕಾಲಿಗೆ ವ್ಯಾಯಾಮ ಯಾಕೆ?" ಅಂತಾರೆ. ಮನೆಯಲ್ಲಿ ಯಾರಿಗಾದರೂ ಮಾಡಿಸಿದ್ದರೆ ದಯವಿಟ್ಟು ತಿಳಿಸಿ.

ಹಾಸನದಿಂದ, ಅತ್ತೆಯವರಿಗೆ ಮಾಡಿಸಿದವರು

ಮಾಡಿಸಿ. ಇವತ್ತಿನಿಂದಲೇ ಮಾಡಿಸಿ. ನಮ್ಮ ಅತ್ತೆಯೂ ಇದೇ ಮಾತು ಆಡಿದ್ದರು.

ನೋವಿಗೆ ಹೆದರಿ ವರ್ಷಗಟ್ಟಲೆ ಆ ಕಾಲಿನ ಮೇಲೆ ಭಾರ ಬಿಟ್ಟಿರುವುದಿಲ್ಲ ಅಲ್ವಾ? ತೊಡೆ ಮುಂದಿನ ಸ್ನಾಯು ಸೊರಗಿ ಹೋಗಿರುತ್ತದೆ. ಡಾಕ್ಟರು ಕೀಲು ಬದಲಾಯಿಸುತ್ತಾರೆ, ಆದರೆ ಸ್ನಾಯು ಹಳೆಯದೇ. ಅದೂ ಆಪರೇಷನ್ ಆದ ಮೊದಲ ತಿಂಗಳಲ್ಲಿ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದಂತೆ. ಇರುವುದೇ ಸ್ವಲ್ಪ ಬಲ, ಅದರಲ್ಲಿ ಅರ್ಧ ಹೋದರೆ ಎದ್ದು ನಿಲ್ಲುವುದು ಹೇಗೆ? ನಮ್ಮ ಫಿಸಿಯೋ ಹೀಗೆ ಕೇಳಿದ ಮೇಲೆ ಅತ್ತೆ ಒಪ್ಪಿದರು.

ಮೊದಲು ಕಲಿಸಿದ್ದು ಟವೆಲ್ ಒತ್ತುವುದು. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಟವೆಲ್ ಸುರುಳಿ ಸುತ್ತಿ ಮಂಡಿ ಕೆಳಗಿಡಿ. ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ, ಐದು ಎಣಿಸುವವರೆಗೆ ಹಿಡಿದು, ಬಿಡಬೇಕು. ನಿಮ್ಮ ಅಂಗೈಯನ್ನು ಅವರ ತೊಡೆ ಮೇಲಿಟ್ಟು ನೋಡಿ. ಒತ್ತಿದಾಗ ಸ್ನಾಯು ಗಟ್ಟಿಯಾಗಬೇಕು, ಮಂಡಿಚಿಪ್ಪು ಚೂರು ಮೇಲಕ್ಕೆ ಸರಿಯಬೇಕು. ಅತ್ತೆಗೆ ಮೊದಮೊದಲು ತೊಡೆ ಬಿಗಿಯಾಗುತ್ತಲೇ ಇರಲಿಲ್ಲ. ಅದರ ಬದಲು ಸೊಂಟ ಎತ್ತುತ್ತಿದ್ದರು, ಉಸಿರು ಬಿಗಿಹಿಡಿಯುತ್ತಿದ್ದರು. ಆಗ ಫಿಸಿಯೋ ಒಳ್ಳೆ ಕಾಲಲ್ಲಿ ಮಾಡಿಸಿದರು. ಬಿಗಿ ಅಂದರೆ ಹೇಗಿರುತ್ತದೆ ಅಂತ ಅಲ್ಲಿ ಗೊತ್ತಾದ ಮೇಲೆ ಇನ್ನೊಂದು ಕಾಲಿಗೆ ಬಂದರು. ಉಸಿರು ಹಿಡಿಯದಂತೆ ಬಾಯಿಬಿಟ್ಟು ಜೋರಾಗಿ ಎಣಿಸಲು ಹೇಳಿದರು. ಬಿಪಿ ಇದ್ದವರಿಗೆ ಇದು ಮುಖ್ಯ.

ಆಪರೇಷನ್ ಆದ ಮಾರನೇ ದಿನ ಆಸ್ಪತ್ರೆಯ ಫಿಸಿಯೋ ಬಂದು ಟವೆಲ್ ಇಟ್ಟ ಕೂಡಲೇ ಅತ್ತೆ ಒತ್ತಲು ಶುರು ಮಾಡಿದರು. ಪಕ್ಕದ ಹಾಸಿಗೆಯವರಿಗೆ ಪಾಪ, ಅಷ್ಟು ನೋವಿನಲ್ಲಿ ಎಲ್ಲ ಹೊಸದಾಗಿ ಕಲಿಯುವ ಕಷ್ಟ.

ಮೈಸೂರಿನಿಂದ, ಫಿಸಿಯೋಥೆರಪಿಸ್ಟ್

ಮೇಲೆ ಹೇಳಿದ್ದು ಸರಿಯಾಗಿದೆ. ನೋವಿನ ಬಗ್ಗೆ ಅಮ್ಮನ ಭಯ ಸಹಜ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬಂದು, ಅವತ್ತೇ ತಣ್ಣಗಾದರೆ ತೊಂದರೆ ಇಲ್ಲ. ಮಾರನೇ ಬೆಳಗ್ಗೆ ಮಂಡಿ ಊದಿಕೊಂಡಿದ್ದರೆ, ನೋವು ಜಾಸ್ತಿ ಆಗಿದ್ದರೆ ಪ್ರಮಾಣ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ.

ಎಲ್ಲರೂ ಮಂಡಿ ಎಷ್ಟು ಮಡಚುತ್ತದೆ ಅಂತ ನೋಡುತ್ತಾರೆ. ನಾನು ಮೊದಲು ನೋಡುವುದು ಪೂರ್ತಿ ನೇರ ಆಗುತ್ತದಾ ಅಂತ. ನೇರ ಆಗದ ಮಂಡಿಯಲ್ಲಿ ನಡೆದರೆ ತೊಡೆ ಬೇಗ ದಣಿಯುತ್ತದೆ, ಕುಂಟುವುದು ಹೋಗುವುದಿಲ್ಲ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಟು ಮಲಗುವ ಅಭ್ಯಾಸ ಇದ್ದರೆ ಬಿಡಿಸಿ. ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಬಾಗಿದಂತೆಯೇ ಬಿಗಿಯುತ್ತದೆ. ಬದಲಿಗೆ ಹಿಮ್ಮಡಿ ಕೆಳಗೆ ಟವೆಲ್ ಇಟ್ಟು, ಮಂಡಿಯನ್ನು ಅದರ ಪಾಡಿಗೆ ಕೆಳಗಿಳಿಯಲು ಬಿಡಿ.

ಕುರ್ಚಿಯಿಂದ ಎದ್ದು ಕೂರುವುದನ್ನೂ ಅಭ್ಯಾಸ ಮಾಡಿಸಿ. ಮೊದಲು ಎತ್ತರದ ಕುರ್ಚಿ ಇರಲಿ. ತೋಳಿಗೂ ಬಲ ಬೇಕು, ವಾಕರ್ ಹಿಡಿಯುವುದು ಕೈಯಲ್ಲೇ. ವಾಕರ್ ಈಗಲೇ ತಂದು ಎತ್ತರ ಸರಿ ಮಾಡಿಸಿ: ನೇರ ನಿಂತು ಕೈ ಇಳಿಬಿಟ್ಟರೆ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದು ಬಾಯಿಪಾಠ ಆಗಿರಲಿ.

ಇನ್ನೊಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಮೊದಲೇ ಫಿಸಿಯೋ ಮಾಡಿದ್ದರ ಲಾಭ ಎದ್ದು ಕಾಣುವುದು ಆಪರೇಷನ್ ಆದ ಮೊದಲ ಕೆಲವು ವಾರಗಳಲ್ಲಿ. ವರ್ಷ ಕಳೆಯುವಷ್ಟರಲ್ಲಿ ಮಾಡಿದವರೂ ಮಾಡದವರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತಾರೆ. ಆದರೆ ಆ ಮೊದಲ ವಾರಗಳೇ ತಾನೇ ಎಲ್ಲರಿಗೂ ಕಷ್ಟ? ಬಾತ್‌ರೂಮಿಗೆ ತಾನಾಗಿ ಎದ್ದು ಹೋಗುವುದು ನಾಲ್ಕು ದಿನ ಬೇಗ ಬಂದರೂ ಅಮ್ಮನ ಧೈರ್ಯ ಬೇರೆಯೇ ಇರುತ್ತದೆ. ಅದಕ್ಕೇ ನಾನು ಮಾಡಿಸಿ ಅಂತ ಹೇಳುವುದು.

ಬಿಸಿ ಎಣ್ಣೆ, ಪಟ್ಟು, ಸೊಪ್ಪು ಕಟ್ಟುವುದು ಈ ಆರು ವಾರ ಬೇಡ. ಚರ್ಮ ಸುಟ್ಟು ಗಾಯವಾದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಇತ್ತೀಚೆಗೆ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಸರ್ಜನ್‌ಗೆ ತಪ್ಪದೇ ಹೇಳಿ. ಸೋಂಕಿನ ಭಯಕ್ಕೆ ಸಾಮಾನ್ಯವಾಗಿ 3 ತಿಂಗಳು ಬಿಡುವು ಕೊಡುತ್ತಾರೆ.

ಮಂಡ್ಯದಿಂದ, ಕಬಡ್ಡಿ ಆಟಗಾರ

ನನ್ನದು ಬೇರೆ ಥರ, ಎಸಿಎಲ್ ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು ಹರಿದಿತ್ತು. ಬೇಗ ಆಪರೇಷನ್ ಮಾಡಿ ಅಂತ ನಾನೇ ಒತ್ತಾಯ ಮಾಡಿದೆ. ಊತ ಇಳಿದು, ಮಂಡಿ ಪೂರ್ತಿ ನೇರ ಆಗುವವರೆಗೆ ಸರ್ಜನ್ ಮುಟ್ಟಲಿಲ್ಲ. ಊದಿ ಬಿಗಿದ ಮಂಡಿಗೆ ಕೈ ಹಾಕಿದರೆ ಆಮೇಲೆ ಅದು ಶಾಶ್ವತವಾಗಿ ಬಿಗಿಯಬಹುದು ಅಂದರು. ಆ ಕಾಯುವ ವಾರಗಳಲ್ಲಿ ಐಸ್, ಟವೆಲ್ ಒತ್ತುವುದು, ಕಾಲು ನೇರ ಎತ್ತುವುದು, ಇಷ್ಟೇ ಕೆಲಸ. ಸುಮ್ನೆ ಕಾದಂತೆ ಅನಿಸಲಿಲ್ಲ.

ಶಿವಮೊಗ್ಗದಿಂದ, ತಂದೆಯವರನ್ನು ನೋಡಿಕೊಂಡವರು

ಮನೆಯನ್ನೂ ತಯಾರು ಮಾಡಿ. ನೆಲಕ್ಕೆ ಕೂರುವ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ತರಿಸಿ, ಈಗಿನಿಂದಲೇ ಬಳಸಲಿ. ಕಾಲೊರೆಸುವ ಮ್ಯಾಟ್ ಎಲ್ಲ ತೆಗೆದಿಡಿ. ನಮ್ಮ ಹಳೇ ಮನೆ, ಹೊಸ್ತಿಲು ಎತ್ತರ. ವಾಕರ್ ಮೊದಲು ಆಚೆ ಇಟ್ಟು, ಆಮೇಲೆ ಕಾಲಿಡುವುದನ್ನು ಅಪ್ಪನಿಗೆ ಮುಂಚೆಯೇ ರೂಢಿ ಮಾಡಿಸಿದ್ದೆವು.

ಕೇಳಿದವರು, ತುಮಕೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ತೊಡೆ ಮೇಲೆ ಕೈಯಿಟ್ಟು ನೋಡಿದರೆ ಎಡಗಾಲು ಗಟ್ಟಿಯಾಗುತ್ತದೆ, ಬಲಗಾಲು ಮೆತ್ತಗೇ ಇದೆ. ಅಮ್ಮನೇ ಮುಟ್ಟಿ ನೋಡಿಕೊಂಡು, ನಾಳೆ ಫಿಸಿಯೋ ಹತ್ತಿರ ಹೋಗೋಣ ಅಂದರು. ಅವರಿಗೆ ಶುಗರ್ ಇದೆ, ಏನಾದರೂ ಎಚ್ಚರ ಬೇಕಾ?

ಮೈಸೂರಿನಿಂದ, ಫಿಸಿಯೋಥೆರಪಿಸ್ಟ್

ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿಸಬೇಡಿ, ತಿಂಡಿ ತಿಂದು ಸ್ವಲ್ಪ ಹೊತ್ತು ಬಿಟ್ಟು ಮಾಡಲಿ. ಎಚ್‌ಬಿಎ1ಸಿ ಪರೀಕ್ಷೆ ಈ ವಾರವೇ ಮಾಡಿಸಿ. ಅದು ರಕ್ತದಲ್ಲಿನ ಶುಗರ್‌ನ ಸುಮಾರು ಮೂರು ತಿಂಗಳ ಸರಾಸರಿ ತೋರಿಸುತ್ತದೆ. 8ಕ್ಕಿಂತ ಜಾಸ್ತಿ ಬಂದರೆ ಹಲವು ಸರ್ಜನ್‌ಗಳು ದಿನಾಂಕ ಮುಂದಕ್ಕೆ ಹಾಕುತ್ತಾರೆ. ಈಗಲೇ ಗೊತ್ತಾದರೆ ಮಾತ್ರೆ, ಊಟ ಸರಿಪಡಿಸಲು ಆರು ವಾರ ಕೈಯಲ್ಲಿರುತ್ತದೆ.