ಪೆನ್‌ಡ್ರೈವ್‌ನಲ್ಲಿದ್ದ ಟ್ಯಾಲಿ ಬ್ಯಾಕಪ್ಪೂ ಹೋಯ್ತು, ಈಗೇನು ಮಾಡೋದು?

ಗೊಬ್ಬರದಂಗಡಿ_ಆಳಂದ:

ನಮ್ಮದು ಕಲಬುರಗಿ ಜಿಲ್ಲೆ ಆಳಂದದಲ್ಲಿ ಗೊಬ್ಬರ, ಬೀಜ, ಔಷಧಿ ಅಂಗಡಿ. ಜೂನ್‌ನಲ್ಲಿ ರೈತರು ಉದ್ರಿ ಒಯ್ಯುತ್ತಾರೆ, ತೊಗರಿ ರಾಶಿ ಆದ ಮೇಲೆ ರೊಕ್ಕ ಕೊಡುತ್ತಾರೆ. ಅಂದರೆ ಆಗಸ್ಟ್‌ನಲ್ಲಿ ನಮ್ಮ ದುಡ್ಡೆಲ್ಲ ಊರಲ್ಲಿರುತ್ತದೆ, ಲೆಕ್ಕ ಮಾತ್ರ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಟ್ಯಾಲಿಯಲ್ಲಿ ಕಂಪನಿಯೇ, ಅಂದರೆ ನಮ್ಮ ಅಂಗಡಿಯ ಲೆಕ್ಕವೇ, ಕಾಣಲಿಲ್ಲ. ಫೋಲ್ಡರ್ ತೆಗೆದರೆ ಪ್ರತಿ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು. ಪಕ್ಕದಲ್ಲಿ ಒಂದು ಇಂಗ್ಲಿಷ್ ಚೀಟಿ: ಬಿಟ್‌ಕಾಯಿನ್ ಕಳಿಸಿ, ಬೀಗ ತೆಗೆಯುತ್ತೇವೆ.

ದಿನಾ ರಾತ್ರಿ ತಪ್ಪದೆ ಬ್ಯಾಕಪ್ ತೆಗೆಯುತ್ತಿದ್ದೆ. ಪೆನ್‌ಡ್ರೈವ್ ಎರಡು ವರ್ಷದಿಂದ ಸಿಪಿಯು ಹಿಂದೆ ಚುಚ್ಚಿಯೇ ಇದೆ. ಅದರಲ್ಲಿದ್ದದ್ದೂ ಹಾಗೇ ಆಗಿದೆ. ವಿಂಡೋಸ್ 7 ಇದೆ. ಅಕೌಂಟೆಂಟ್ ಮನೆಯಿಂದಲೇ ಎಂಟ್ರಿ ಮಾಡಲಿ ಅಂತ ರಿಪೇರಿಯವರು ರೌಟರ್‌ನಲ್ಲಿ ಏನೋ ಸೆಟ್ ಮಾಡಿದ್ದರು. ಪಾಸ್‌ವರ್ಡ್ ಅಂಗಡಿ ಹೆಸರು, ಮುಂದೆ 123. ನಗಬೇಡಿ.

ದುಡ್ಡು ಕಟ್ಟಲಾ?

ಬೀದರ್_ಸರ್ವಿಸ್:

ಕಟ್ಟಬೇಡಿ. ಇದು ರಾನ್ಸಮ್‌ವೇರ್, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್. ಕಟ್ಟಿದರೂ ಫೈಲ್ ವಾಪಸ್ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಮೊದಲು ನೆಟ್ ಕೇಬಲ್ ಕಿತ್ತು ಹಾಕಿ. ಫಾರ್ಮ್ಯಾಟ್ ಮಾಡಬೇಡಿ, ಆ ಚೀಟಿಯನ್ನೂ ಅಳಿಸಬೇಡಿ. ಹೊಸ ಹಾರ್ಡ್ ಡಿಸ್ಕ್ ಹಾಕಿಸಿ ಕೆಲಸ ಶುರು ಮಾಡಿ, ಹಳೆಯದನ್ನು ತೆಗೆದಿಡಿ. ನೋ ಮೋರ್ ರಾನ್ಸಮ್ ಅಂತ ಒಂದು ಉಚಿತ ಸೈಟ್ ಇದೆ, ಯುರೋಪೋಲ್ ಮತ್ತು ಡಚ್ ಪೊಲೀಸರು ಸೆಕ್ಯುರಿಟಿ ಕಂಪನಿಗಳ ಜೊತೆ ಸೇರಿ 2016ರಲ್ಲಿ ಶುರು ಮಾಡಿದ್ದು. ಬೀಗ ಹಾಕಿದ ಒಂದು ಫೈಲನ್ನೂ ಆ ಚೀಟಿಯನ್ನೂ ಬೇರೆ ಕಂಪ್ಯೂಟರ್‌ನಿಂದ ಅಲ್ಲಿಗೆ ಹಾಕಿದರೆ ಯಾವ ತಳಿ ಅಂತ ಹೇಳುತ್ತದೆ. ಕೆಲವಕ್ಕೆ ಬೀಗದ ಕೈ ಸಿಕ್ಕಿದೆ, ಜಾಸ್ತಿಯವಕ್ಕೆ ಇಲ್ಲ. ಇವತ್ತು ಇಲ್ಲದ್ದು ಮುಂದೊಂದು ದಿನ ಬರಬಹುದು, ಅದಕ್ಕೇ ಹಳೆಯ ಡಿಸ್ಕ್ ಇಟ್ಟುಕೊಳ್ಳಿ ಅಂದದ್ದು. ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರನ್ನೂ ಕೊಡಿ.

ಕಳ್ಳ ಬಂದ ದಾರಿ ಬಹುಶಃ ಆ ರೌಟರ್ ಸೆಟ್ಟಿಂಗೇ. ದೂರದಿಂದ ಕಂಪ್ಯೂಟರ್ ನಡೆಸೋ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲನ್ನು, ಅಂದರೆ 3389 ಪೋರ್ಟನ್ನು, ಇಂಟರ್ನೆಟ್‌ಗೆ ತೆರೆದಿಟ್ಟರೆ ಹಗಲು ರಾತ್ರಿ ಯಾವುದೋ ದೇಶದ ಯಂತ್ರಗಳು ಪಾಸ್‌ವರ್ಡ್ ಊಹಿಸುತ್ತ ಬಡಿಯುತ್ತಲೇ ಇರುತ್ತವೆ. ನಿಮ್ಮ ಪಾಸ್‌ವರ್ಡ್‌ಗೆ ಹೆಚ್ಚು ಹೊತ್ತು ಬೇಕಾಗಿರಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಗೇ ಬೆಂಬಲ ನಿಂತಿದೆ. 10ಕ್ಕೂ 2025ರ ಅಕ್ಟೋಬರ್‌ಗೆ ಮುಗಿಯಿತು, ಹಾಕಿಸೋದಾದರೆ 11 ಹಾಕಿಸಿ.

ಪೆನ್‌ಡ್ರೈವ್ ವಿಷಯ: ಒಂದೇ ಗೋದಾಮಿನಲ್ಲಿ ಎರಡು ಮೂಲೆಗೆ ಬೀಜದ ಚೀಲ ಇಟ್ಟ ಹಾಗಾಯ್ತು. ಹುಳ ಬಿದ್ದರೆ ಎರಡಕ್ಕೂ ಬೀಳುತ್ತದೆ, ಅಲ್ವಾ? ಎರಡು ಡಿಸ್ಕ್ ತಗೊಳ್ಳಿ, ದಿನ ಬಿಟ್ಟು ದಿನ ಬದಲಾಯಿಸಿ. ಬ್ಯಾಕಪ್ ಆದ ತಕ್ಷಣ ಕಿತ್ತು ಬಿಡಿ, ಒಂದು ಮನೆಯಲ್ಲಿರಲಿ.

ರಾಯರ_ಲೆಕ್ಕ (ಯಾದಗಿರಿ):

ನಾನು ಅಕೌಂಟೆಂಟ್. ಕಂಪ್ಯೂಟರ್ ಬಿಡಿ, ಮೊದಲು ನಿಮ್ಮ ಸಿಎಗೆ ಫೋನ್ ಮಾಡಿ. ಜುಲೈನಲ್ಲಿ ರಿಟರ್ನ್ ಕೆಲಸಕ್ಕೆ ಅಂತ ಟ್ಯಾಲಿ ಡೇಟಾ ಒಯ್ದಿರುತ್ತಾರೆ. ಅದು ಬರೀ ಮಾರ್ಚ್‌ವರೆಗಿನದಲ್ಲ, ಒಯ್ದ ದಿನದವರೆಗಿನ ಎಂಟ್ರಿಯೂ ಅದರಲ್ಲೇ ಇರುತ್ತದೆ. ನಾನು ಎಷ್ಟೋ ಅಂಗಡಿ ಉಳಿಸಿದ್ದು ಹೀಗೇ.

ಉಳಿದದ್ದಕ್ಕೆ ಜಿಎಸ್‌ಟಿ ಪೋರ್ಟಲ್‌ನ 2ಬಿಯಲ್ಲಿ (ನಿಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ) ನಿಮ್ಮ ಖರೀದಿ ಸಿಗುತ್ತದೆ. ಯೂರಿಯಾ, ಡಿಎಪಿ ಯಾವ ರೈತರಿಗೆ ಎಷ್ಟು ಚೀಲ ಹೋಯಿತು ಅಂತ ಗೊಬ್ಬರ ಮಾರುವಾಗ ದಾಖಲಿಸೋ ಪಿಒಎಸ್ ಯಂತ್ರದ ಮೂಲಕ ಸರ್ಕಾರದ ಸರ್ವರ್‌ನಲ್ಲೇ ಇದೆ. ಆದರೆ ಯಾರು ನಗದು, ಯಾರು ಉದ್ರಿ ಅಂತ ಅದು ಹೇಳಲ್ಲ. ಬೀಜ, ಔಷಧಿಗೆ ಬಿಲ್‌ಬುಕ್ಕಿನ ಕಾರ್ಬನ್ ಪ್ರತಿಯೇ ಗತಿ. ಸುಮ್ನೆ ಬಿಡೋ ಹಾಗೂ ಇಲ್ಲ, ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು.

ಹೊಸಬ_ಕಲಬುರಗಿ:

ಗೂಗಲ್ ಡ್ರೈವ್‌ಗೆ ತಾನೇ ಹೋಗೋ ಹಾಗೆ ಮಾಡಿದರೆ ಸಾಕಲ್ವಾ?

ಬೀದರ್_ಸರ್ವಿಸ್:

ಸಾಕಾಗಲ್ಲ. ಇಲ್ಲಿ ಕೆಟ್ಟ ಫೈಲ್ ಅಲ್ಲಿಗೂ ಕೆಟ್ಟೇ ಹೋಗುತ್ತದೆ. ಹಳೆಯ ಆವೃತ್ತಿ 30 ದಿನ ಸಿಗುತ್ತದೆ, ಗಮನಿಸಿದರೆ. ಮೂರನೆಯ ಪ್ರತಿಯಾಗಿ ಇರಲಿ.

ಗೊಬ್ಬರದಂಗಡಿ_ಆಳಂದ:

ರಾಯರೇ, ನಿಮಗೆ ಕೈ ಮುಗಿಯಬೇಕು. ಸಿಎ ಲ್ಯಾಪ್‌ಟಾಪ್‌ನಲ್ಲಿ ಜುಲೈ 12ರವರೆಗಿನದು ಸಿಕ್ಕಿತು. ಜೂನ್ ಉದ್ರಿ ಪೂರ್ತಿ ಉಳಿಯಿತು. ನಡುವಿನ ಒಂದು ತಿಂಗಳದ್ದು ಬಿಲ್‌ಬುಕ್ ನೋಡಿ ತಂಗಿ, ನಾನು ಕೂತು ಎಂಟ್ರಿ ಹೊಡೆದೆವು. ಒಬ್ಬ ಹಿರಿಯರು ಬಂದು ಬಿಲ್ಲೇ ಇಲ್ಲದ 4,200 ರೂಪಾಯಿ ತಾವೇ ಹೇಳಿ ಬರೆಸಿದರು. ಇನ್ನಿಬ್ಬರು ಫೋನೇ ಎತ್ತುತ್ತಿಲ್ಲ.

ಬೀಗದ ಕೈ ಮಾತ್ರ ಸಿಗಲಿಲ್ಲ. ಹಳೆಯ ಡಿಸ್ಕ್ ತಿಜೋರಿಯಲ್ಲಿದೆ. ರೌಟರ್ ಸೆಟ್ಟಿಂಗ್ ತೆಗೆಸಿದೆ, ಅಕೌಂಟೆಂಟ್ ಈಗ ಸಂಜೆ ಅಂಗಡಿಗೇ ಬರುತ್ತಾರೆ, ಚಹಾ ಖರ್ಚು ಜಾಸ್ತಿ ಆಗಿದೆ. ನಿನ್ನೆ ಹೊಸ ಡಿಸ್ಕಿನ ಬ್ಯಾಕಪ್ಪನ್ನು ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿಯ ಎಜುಕೇಶನಲ್ ಮೋಡ್‌ನಲ್ಲೇ (ಲೈಸೆನ್ಸ್ ಇಲ್ಲದೆ ಕಲಿಯೋಕೆ ಇರೋದು) ರಿಸ್ಟೋರ್ ಮಾಡಿ ನೋಡಿದೆ. ತೆರೆಯಿತು.